ಸೆಟ್ಟು ಹಾಕಿದ ಬಾಯಿ, ಜೊಲ್ಲಿನ ಕಾಟ

ನನ್ನ ತಮ್ಮನಿಗೆ 62. ನನಗೆ ಇನ್ನೂ ಹುಡುಗನೇ. ಹೋದ ತಿಂಗಳು ಮೇಲೆ ಕೆಳಗೆ ಎರಡೂ ಹಲ್ಲಿನ ಸೆಟ್ಟು ಹಾಕಿಸಿಕೊಂಡ. ನಾಲ್ಕನೇ ದಿನ ಮನೆಗೆ ಬಂದಾಗ ನೋಡ್ತೀನಿ, ಸೆಟ್ಟು ಕರವಸ್ತ್ರದಲ್ಲಿ ಸುತ್ತಿ ಅಂಗಿ ಜೇಬಿನಲ್ಲಿದೆ! "ಅಕ್ಕಾ, ಬಾಯಿ ತುಂಬ ಜೊಲ್ಲು. ಉಗಿದೂ ಉಗಿದೂ ಸಾಕಾಯ್ತು" ಅಂದ.

ಬಾಯಿಗೇನು ಗೊತ್ತು ಅದು ಹಲ್ಲು ಅಂತ? ಊಟ ಬಂತು ಅಂದುಕೊಂಡು ನೀರು ಸುರಿಸುತ್ತದೆ. ಎರಡು ಮೂರು ವಾರ ಹಾಗೇ ಇರುತ್ತೆ, ಆಮೇಲೆ ತಾನೇ ಇಳಿಯುತ್ತೆ. ಉಗಿಯಬಾರದು, ನುಂಗಬೇಕು. ಮೇಲಿನ ಸೆಟ್ಟು ನಿಲ್ಲುವುದೇ ಅಂಗುಳಕ್ಕೂ ಅದಕ್ಕೂ ನಡುವೆ ಇರುವ ತೆಳು ಜೊಲ್ಲಿನಿಂದ. ಒದ್ದೆ ಸ್ಟೀಲ್ ತಟ್ಟೆ ಒಂದಕ್ಕೊಂದು ಕಚ್ಚಿಕೊಳ್ಳೋದಿಲ್ವಾ, ಹಾಗೆ. (ತೊಳೆದ ತಟ್ಟೆ ಹಾಗೇ ಪೇರಿಸಬೇಡಿ, ಬೋರಲು ಹಾಕಿ ಆರಲು ಬಿಡಿ ಅಂತ ಸೊಸೆಗೆ ಹೇಳಿ ನನಗೆ ಸಾಕಾಗಿದೆ.) ಕೆಳಗಿನ ಸೆಟ್ಟಿಗೆ ಆ ಹಿಡಿತ ಇಲ್ಲ. ಅದನ್ನು ನಾಲಿಗೆ, ಕೆನ್ನೆಯೇ ಹಿಡಿದುಕೊಳ್ಳುವುದನ್ನು ಕಲಿಯಬೇಕು. ಅಲ್ಲಿಯವರೆಗೆ ಮೆತ್ತಗಿನ ಊಟ, ಚಿಕ್ಕ ತುತ್ತು, ಎರಡೂ ಕಡೆ ಅಗಿಯಿರಿ. ಪೇಪರನ್ನು ಜೋರಾಗಿ ಓದಿ, ಮಾತು ಸರಿಹೋಗುತ್ತೆ. ಮೊದಲ ವಾರವೇ ಚಕ್ಕುಲಿ ಕಡಿಯಲು ಹೋದರೆ ನಾನೇನು ಮಾಡಲಿ?

ನನ್ನ ಕಷ್ಟ ಉಲ್ಟಾ. ಬಿಪಿ ಮಾತ್ರೆ ಶುರುವಾದ ಮೇಲೆ ಬಾಯಿ ಒಣಗಿ ಸೆಟ್ಟು ಒಸಡಿಗೆ ಉಜ್ಜತೊಡಗಿತು. ಡಾಕ್ಟರಿಗೆ ಹೇಳಿದೆ, ಮಾತ್ರೆ ಬದಲಾಯಿಸಿದರು. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ ಮತ್ತೆ. ಪಕ್ಕದಲ್ಲೊಂದು ಚೊಂಬು ನೀರಿಟ್ಟುಕೊಂಡು ಆಗಾಗ ಗುಟುಕು ಕುಡಿಯಿರಿ. ಒಣ ಬಾಯಿಗೆ ಸೆಟ್ಟು ಹಾಕಲೇಬೇಡಿ, ಬಾಯಿ, ಸೆಟ್ಟು ಎರಡನ್ನೂ ಒದ್ದೆ ಮಾಡಿ ಹಾಕಿ.

ರಾತ್ರಿ ಮಾತ್ರ ತೆಗೆಯಲೇಬೇಕು. ನಮ್ಮ ಯಜಮಾನರು ಮೊಮ್ಮಕ್ಕಳು ಬೊಚ್ಚು ಬಾಯಿ ನೋಡಿ ನಗುತ್ತಾರೆ ಅಂತ ಹಾಕಿಕೊಂಡೇ ಮಲಗುತ್ತಿದ್ದರು. ಅಂಗುಳ ಕೆಂಪಗಾಗಿ, ತುಟಿಯ ಮೂಲೆ ಒಡೆದು, ಹುಳಿ ಸಾರು ತಗುಲಿದರೆ ಕಣ್ಣಲ್ಲಿ ನೀರು. ಫಂಗಸ್ ಅಂದರು ಡಾಕ್ಟರು. ಆಗ ಶುರುವಾಯಿತು ಸೆಟ್ಟು ತೆಗೆದ ಮೇಲೆ ಒಸಡು ಒರೆಸುವ ನನ್ನ ಬಟ್ಟೆ ಪದ್ಧತಿ.

ಹಳೇ ಮಲ್ ಪಂಚೆ ಬೇಕು. ಒಗೆದೊಗೆದು ಬೆಣ್ಣೆಯಂತಾಗಿರಬೇಕು, ಹೊಸದು ಚುಚ್ಚುತ್ತೆ. ಅಂಗೈ ಅಗಲ ಹರಿದು ತೋರುಬೆರಳಿಗೆ ಎರಡು ಸುತ್ತು ಸುತ್ತಿ. ಚಿಟಿಕೆ ಉಪ್ಪು ಹಾಕಿದ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ತೊಟ್ಟಿಕ್ಕದಷ್ಟು ಹಿಂಡಿ. ಮೇಲಿನ ಒಸಡಿನ ತೀರಾ ಹಿಂದಿನಿಂದ ಶುರು ಮಾಡಿ ಸಣ್ಣ ಸಣ್ಣ ಸುತ್ತು ಸುತ್ತುತ್ತಾ ಮುಂದೆ ಬನ್ನಿ. ಪಾತ್ರೆ ತಿಕ್ಕಿದ ಹಾಗಲ್ಲ! ಹಾಲು ಕುಡಿದ ಕೂಸಿನ ಬಾಯಿಯನ್ನು ನಮ್ಮಮ್ಮ ಒರೆಸುತ್ತಿದ್ದರಲ್ಲ, ಆ ಹಗುರ ಕೈ. ಆಮೇಲೆ ಕೆಳ ಒಸಡು, ಅಂಗುಳ, ಕೊನೆಗೆ ನಾಲಿಗೆ. ಮುಗಿಸುವ ಹೊತ್ತಿಗೆ ಒಣಗಿದ್ದ ಬಾಯಲ್ಲಿ ನೀರೂರಿರುತ್ತೆ. ಬಟ್ಟೆ ದಿನಾ ಒಗೆದು ಬಿಸಿಲಿಗೆ ಹಾಕಿ.

ಸೆಟ್ಟು ತೊಳೆಯುವಾಗ ಬೇಸಿನ್ನಿನಲ್ಲಿ ನೀರು ತುಂಬಿ ಟವೆಲ್ ಹಾಸಿ, ಕೈಜಾರಿದರೂ ಒಡೆಯಲ್ಲ. ಮೆತ್ತನೆ ಬ್ರಶ್ಶು, ಸೋಪು ಸಾಕು. ಪೇಸ್ಟು ಗೀರು ಹಾಕುತ್ತೆ. ರಾತ್ರಿ ತಣ್ಣೀರಿನ ಡಬ್ಬಿಯಲ್ಲಿಡಿ. ಚೆನ್ನಾಗಿ ಶುದ್ಧವಾಗಲಿ ಅಂತ ಕುದಿನೀರು ಹುಯ್ದವರನ್ನೂ ನೋಡಿದ್ದೇನೆ. ಅದೇನು ಕಾಫಿ ಫಿಲ್ಟರಾ? ಸೊಟ್ಟಗಾಗಿ ಕೂತಿತು.

ನಿನ್ನೆ ತಮ್ಮನ ಫೋನು. ಜೊಲ್ಲು ಕಮ್ಮಿಯಾಗಿದೆಯಂತೆ, ಆದರೆ ಒಂದು ಮೂಲೆ ಚುಚ್ಚುತ್ತಂತೆ. ಬ್ಲೇಡಿನಲ್ಲಿ ಕೆರೆಯಲಾ ಅಂದ. ಮುಟ್ಟಿದರೆ ನೋಡು ಅಂದೆ. ಡಾಕ್ಟರ ಹತ್ತಿರ ಹೋಗು, ಹಿಂದಿನ ದಿನವೆಲ್ಲ ಹಾಕಿಕೊಂಡೇ ಇರು, ಇಲ್ಲದಿದ್ದರೆ ಎಲ್ಲಿ ಉಜ್ಜುತ್ತೆ ಅನ್ನೋ ಗುರುತೇ ಅವರಿಗೆ ಸಿಗಲ್ಲ.