ಡಾಲಮೈಟ್ ಪದರಗಳನ್ನು ಗುರುತಿಸಿದ ನನ್ನ ಅನುಭವ

ಕೊಡಗಿನ ತೋಟದವರಿಗೆ ಡಾಲಮೈಟ್ ಎಂದರೆ ಮೂಟೆಯಲ್ಲಿ ಬರುವ ಬೆಳ್ಳನೆಯ ಪುಡಿ. ಸುಣ್ಣಕಲ್ಲನ್ನು ಹೋಲುವ, ಮೆಗ್ನೀಸಿಯಂ ಬೆರೆತ ಕಲ್ಲನ್ನು ಅರೆದರೆ ಸಿಗುವುದೇ ಅದು. ಮಳೆಗೆ ಸಾರ ಕೊಚ್ಚಿಹೋಗಿ ಹುಳಿಯೇರಿದ ಮಣ್ಣನ್ನು ಸರಿಪಡಿಸಲು ನಾವದನ್ನು ಕಾಫಿ ಗಿಡಗಳ ನಡುವೆ ಎರಚುತ್ತೇವೆ. ನಮ್ಮ ನೆಲದಡಿಯಿರುವುದು ನೈಸ್ ಮತ್ತು ಚಾರ್ನೊಕೈಟ್ ಎಂಬ ಬೇರೆ ಬಗೆಯ ಗಟ್ಟಿ ಕಲ್ಲುಗಳಾದುದರಿಂದ, ಈ ಕಲ್ಲು ಪದರಪದರವಾಗಿ ಮಲಗಿರುವುದನ್ನು ನೋಡಲು ನಾನು ಬಾಗಲಕೋಟೆ ಜಿಲ್ಲೆಯ ಲೋಕಾಪುರದ ಕಡೆಗೆ ಹೋಗಬೇಕಾಯಿತು. ಅಲ್ಲಿಯ, ಕಲಾದಗಿ ಎಂದು ಕರೆಯುವ ಪದರಶಿಲೆಗಳು 100 ಕೋಟಿ ವರ್ಷಗಳಿಗಿಂತ ಹಳೆಯವು.

ತಂದ ತುಂಡುಗಳನ್ನು ಮಡಿಕೇರಿಯ ಮನೆಯ ಜಗಲಿಯಲ್ಲಿ ಹರಡಿಕೊಂಡು ಮಳೆಗಾಲವಿಡೀ ವಿವರಣೆ ಬರೆದೆ. ಒಂದು ತುಂಡಿನ ಮೇಲೆ ಬಿದ್ದ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ಭರ್ರನೆ ನೊರೆಯೆದ್ದಾಗ, ಹಿಂದುಮುಂದು ನೋಡದೆ ಸುಣ್ಣಕಲ್ಲು ಎಂದು ಬರೆದುಬಿಟ್ಟಿದ್ದೆ. ಮಸೂರದಡಿ ನೋಡಿದರೆ ಹನಿ ಬಿದ್ದದ್ದು ಕೂದಲೆಳೆಯಷ್ಟು ತೆಳುವಾದ ಕ್ಯಾಲ್ಸೈಟ್ ಗೆರೆಯ ಮೇಲೆ. ಕ್ಯಾಲ್ಸೈಟ್ ಎಂದರೆ ಸುಣ್ಣಕಲ್ಲಿನ ಮುಖ್ಯ ಖನಿಜ. ಪಕ್ಕದ ಕಲ್ಲು ಸುಮ್ಮನಿತ್ತು. ಚಾಕುವಿನಿಂದ ಕೆರೆದು ಪುಡಿ ಮಾಡಿದ ಮೇಲಷ್ಟೇ ಅಲ್ಲಿ ಸಣ್ಣ ಗುಳ್ಳೆಗಳು ನಿಧಾನವಾಗಿ ಎದ್ದವು. ಅದು ಡಾಲಮೈಟ್. ಕ್ಯಾಲ್ಸೈಟನ್ನು ಕೆಂಪಾಗಿಸಿ ಡಾಲಮೈಟನ್ನು ಹಾಗೆಯೇ ಬಿಡುವ ಅಲಿಜರಿನ್ ರೆಡ್ ಬಣ್ಣ ಹಚ್ಚಿದಾಗಲೂ ಗೆರೆ ಮಾತ್ರ ಕೆಂಪಾಯಿತು. ಅಂದಿನಿಂದ ಮೊದಲು ಕಂಡದ್ದನ್ನು ಬರೆಯುತ್ತೇನೆ, ಹೆಸರನ್ನು ಕೊನೆಗೆ ಇಡುತ್ತೇನೆ.

ಬಿಸಿಲುಮಳೆಗೆ ಸವೆದ ಹೊರಮೈಯನ್ನೂ ಒಡೆದ ಒಳಮೈಯನ್ನೂ ಬೇರೆಬೇರೆಯಾಗಿಯೇ ವಿವರಿಸಬೇಕು. ಹೊರಮೈಯಲ್ಲಿ ಅಡ್ಡಾದಿಡ್ಡಿ ಸೀಳುಗೆರೆಗಳಿರುತ್ತವೆ. ದುಬಾರೆಯ ಆನೆ ಶಿಬಿರದಲ್ಲಿ ಆನೆಯ ಮೈ ಮುಟ್ಟಿ ನೋಡಿದವರು ಅದನ್ನು ಸುಲಭವಾಗಿ ಗುರುತಿಸಬಲ್ಲರು. ಒಳಮೈ ಒಣಗಿದ್ದಾಗ ಬರೀ ಬೂದುಬಣ್ಣ. ಆದರೆ ಅದನ್ನು ಸೂರಿನಿಂದ ಇಳಿಯುವ ನೀರಿಗೆ ಹಿಡಿದಾಗ, ಅಲ್ಲಿಯವರೆಗೆ ಕಾಣದಿದ್ದ ಅರ್ಧ ಮಿಲಿಮೀಟರ್ ದಪ್ಪದ ಎಳೆಗಳು ಒಂದರ ಮೇಲೊಂದು ಕಮಾನಿನಂತೆ ಬಾಗಿ ಮೇಲೆದ್ದುಬಂದವು. ಸೂಕ್ಷ್ಮಜೀವಿಗಳ ಚಾಪೆಗಳು ಆಳವಿಲ್ಲದ ನೀರಿನಲ್ಲಿ ಕೆಸರನ್ನು ಹಿಡಿದು ಕಟ್ಟಿದ ಸ್ಟ್ರೊಮ್ಯಾಟೊಲೈಟ್ ಅದು. ಇಂಥ ಸುಖ ನನಗೆ ಬೇರೆ ಯಾವ ಕಲ್ಲಿನಲ್ಲೂ ಸಿಕ್ಕಿಲ್ಲ.

ವರ್ಗೀಕರಣಕ್ಕೆ, ಇಂಥ ಕಲ್ಲುಗಳನ್ನು ಅವುಗಳಲ್ಲಿನ ಕಣಗಳ ಜೋಡಣೆ ನೋಡಿ ವಿಂಗಡಿಸುವ 1962ರ ಡನ್‌ಹ್ಯಾಮ್ ಪದ್ಧತಿಯನ್ನು ಅನುಸರಿಸಿದೆ. ಸ್ಟ್ರೊಮ್ಯಾಟೊಲೈಟ್ ಪದರಗಳು ಬೌಂಡ್‌ಸ್ಟೋನ್, ಅಂದರೆ ಕೆಸರು ಬೀಳುವಾಗಲೇ ಜೀವಿಗಳು ಬಂಧಿಸಿದ ಕಲ್ಲು, ಆದವು. ಹರಳುಗಳು ಬೆಳೆದು ಮೂಲ ರಚನೆಯನ್ನೇ ಅಳಿಸಿಹಾಕಿದ ಪದರಗಳಿಗೆ ಹರಳುಮಯ ಕಾರ್ಬೊನೇಟ್ ಎಂಬ ಹೆಸರಷ್ಟೇ ಪ್ರಾಮಾಣಿಕವಾದುದು. ಅಲ್ಲಿ ಊಹೆಯಿಂದ ಕಣಗಳನ್ನು ಹುಡುಕಬಾರದು. ನಡುನಡುವೆ ಬರುವ ಚರ್ಟ್ ಎಂಬ ಗಟ್ಟಿ ಸಿಲಿಕಾ ಕಲ್ಲಿನ ಪಟ್ಟಿಗಳ ದಪ್ಪವನ್ನು ಪ್ರತ್ಯೇಕವಾಗಿ ಅಳೆದೆ.

ಮೂರು ತುಂಡುಗಳಿಗೆ, ನೆಲದಲ್ಲಿದ್ದಾಗ ಯಾವ ಬದಿ ಮೇಲಿತ್ತೆಂದು ತೋರಿಸುವ ಬಾಣ ಹಾಕಲು ಮರೆತಿದ್ದೆ. ಒಂದರಲ್ಲಿ ಕಮಾನಿನ ಉಬ್ಬು ಮೇಲ್ದಿಕ್ಕನ್ನು ತಿಳಿಸಿತು. ಉಳಿದೆರಡನ್ನು ಪದರಗಳ ನಕ್ಷೆಯಲ್ಲಿ ಸೇರಿಸಿಲ್ಲ.