ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ನಾಯಿಮರಿಗೆ ಶೌಚದ ಪಾಠ

ಮಂಡಕ್ಕಿ ನಮ್ಮ ಮನೆಗೆ ಬಂದಾಗ ಅವನಿಗೆ ಒಂಬತ್ತು ವಾರ. ಬೀದಿನಾಯಿಯ ಮರಿ. ಮೈಯೆಲ್ಲ ಬಿಳಿ, ಬಾಲದ ತುದಿ ಮಾತ್ರ ಕಂದು. ಬಂದ ದಿನವೇ ಬಾಗಿಲ ಕಾಲೊರಸು, ಹಾಲ್‌ನ ಚಾಪೆ, ನನ್ನ ಲ್ಯಾಪ್‌ಟಾಪ್ ಬ್ಯಾಗು ಮೂರನ್ನೂ ಒದ್ದೆ ಮಾಡಿದ. ಮೆತ್ತಗಿರುವ ವಸ್ತು ಕಂಡರೆ ಮರಿಗಳಿಗೆ ಅಷ್ಟು ಪ್ರೀತಿ. ಮರುದಿನ ಕ್ರೇಟ್ ತಂದೆವು, ಅಂದರೆ ನಾಯಿ ಮಲಗಲು ಬಾಗಿಲಿರುವ ಸರಳಿನ ಗೂಡು. ಸಂಜೆ ವಿಡಿಯೊ ಕಾಲ್‌ನಲ್ಲಿ ಅದನ್ನು ಕಂಡ ಅಮ್ಮ, "ಕೋಳಿ ಮುಚ್ಚಿದ ಹಾಗೆ ನಾಯೀನ ಮುಚ್ಚಿಡ್ತೀಯಲ್ಲೋ!" ಎಂದರು.

ಅಮ್ಮ ಹೇಳಿದ್ದು ಅರ್ಧ ಸರಿ. ಬೆಳಿಗ್ಗೆ ಒಂಬತ್ತಕ್ಕೆ ಒಳಗೆ ಹಾಕಿ ಸಂಜೆ ಆರಕ್ಕೆ ಬಾಗಿಲು ತೆಗೆದರೆ ಅದು ಪಂಜರವೇ. ಕ್ರೇಟ್ ಯಾವ ಮರಿಗೂ ಏನನ್ನೂ ಕಲಿಸುವುದಿಲ್ಲ. ಕಲಿಸುವುದು ಗಡಿಯಾರ. ಒಮ್ಮೆ ಹೊರಗೆ ಹೋಗಿ ಬಂದ ಮೇಲೆ ಮತ್ತೆ ಹೋಗುವವರೆಗೆ ಕಂಡಲ್ಲಿ ತಪ್ಪಾಗದಂತೆ ತಡೆಯುವುದಷ್ಟೇ ಕ್ರೇಟ್ ಮಾಡುವ ಕೆಲಸ.

ಅದು ಕೆಲಸ ಮಾಡುವುದೂ ಮರಿಯ ಹುಟ್ಟುಗುಣದಿಂದಲೇ. ಸುಮಾರು ಮೂರು ವಾರವಾದಾಗ ಮರಿಗಳು ಮಲಗುವ ಜಾಗದಿಂದ ತೆವಳಿಕೊಂಡಾದರೂ ಆಚೆ ಹೋಗಿ ಉಚ್ಚೆ ಮಾಡಲು ಶುರುಮಾಡುತ್ತವೆ. ಮಲಗುವ ಜಾಗ ಗಲೀಜಾಗುವುದು ಅವಕ್ಕೆ ಇಷ್ಟವಿಲ್ಲ. ಆದರೆ ಅಂಗಡಿಯ ಇಕ್ಕಟ್ಟಿನ ಪಂಜರದಲ್ಲಿ ಅಲ್ಲೇ ಉಂಡು ಅಲ್ಲೇ ಹೇತು ಬೆಳೆದ ಮರಿ ಈ ಗುಣವನ್ನು ಕಳೆದುಕೊಂಡಿರಬಹುದು. ಅಂಥದ್ದಕ್ಕೆ ತಾಳ್ಮೆ ಜಾಸ್ತಿ ಬೇಕು. ಎಂಟು ವಾರ ತುಂಬದ ಮರಿಯನ್ನಂತೂ ತರಲೇಬೇಡಿ. ಅದನ್ನು ಮಾರುವುದಕ್ಕೆ ಕಾನೂನಿನಲ್ಲೂ ಅವಕಾಶವಿಲ್ಲ.

ಮೊದಲು ಅಳತೆ

ಮರಿ ನಿಲ್ಲಬೇಕು, ಒಂದು ಸುತ್ತು ತಿರುಗಬೇಕು, ಕಾಲು ಚಾಚಿ ಮಲಗಬೇಕು. ಅಷ್ಟು ಜಾಗ ಸಾಕು. ದೊಡ್ಡದಾದರೆ ಒಂದು ಮೂಲೆ ಮಲಗುವ ಕೋಣೆ, ಇನ್ನೊಂದು ಮೂಲೆ ಶೌಚಾಲಯ. ಆದರೂ ಮರಿ ಬೆಳೆದು ದೊಡ್ಡದಾದ ಮೇಲೂ ಹಿಡಿಸುವ ಕ್ರೇಟನ್ನೇ ಕೊಳ್ಳಿ. ನಮ್ಮ ಊರಿನ ನಾಯಿಗೆ ಸಾಮಾನ್ಯವಾಗಿ 36 ಇಂಚು, ಲ್ಯಾಬ್ರಡಾರ್‌ಗೆ 42 ಇಂಚು. ನಡುವೆ ಅಡ್ಡ ತಡೆ ಹಾಕುವ ಸೌಲಭ್ಯ ಇರಲಿ. ಮರಿ ಬೆಳೆದಂತೆ ತಡೆಯನ್ನು ಹಿಂದೆ ಸರಿಸುತ್ತಾ ಹೋಗಬಹುದು. ಬಿಸಿಲು ಬೀಳುವ ಬಾಲ್ಕನಿಯಲ್ಲಿ ಇಡಬೇಡಿ. ಫ್ಯಾನಿನ ಗಾಳಿ ಬರುವ ಮೂಲೆ ಒಳ್ಳೆಯದು.

ಒಳಗೆ ಹೋಗುವುದು ಅದರದೇ ಇಷ್ಟ ಆಗಲಿ

ಇದಕ್ಕೆ ಒಂದು ವಾರ ಇಟ್ಟುಕೊಳ್ಳಿ. ಮೊದಲ ಎರಡು ದಿನ ಬಾಗಿಲು ಹಾಕಲೇಬೇಡಿ. ಊಟದ ಬಟ್ಟಲನ್ನು ಒಳಗಿಡಿ. ಆಗಾಗ ಒಂದು ಚೂರು ಬೇಯಿಸಿದ ಕೋಳಿಯನ್ನೋ ಪನೀರನ್ನೋ ಒಳಗೆ ಎಸೆದು ಸುಮ್ನೆ ಕೂತುಕೊಳ್ಳಿ. ಆಮೇಲೆ ಊಟ ಮಾಡುವಾಗ ಬಾಗಿಲು ಹಾಕಿ, ಬಟ್ಟಲು ಖಾಲಿಯಾಗುತ್ತಿದ್ದಂತೆ ತೆಗೆಯಿರಿ. ನಂತರ ಐದು ನಿಮಿಷ, ಹತ್ತು ನಿಮಿಷ, ನೀವು ಪಕ್ಕದ ಕೋಣೆಗೆ ಹೋಗಿ ಬರುವಷ್ಟು ಹೊತ್ತು. ಒಳಗೆ ಬಿಡುವಾಗ ಕೊರಳಪಟ್ಟಿ ಬಿಚ್ಚಿ. ಸರಳಿಗೆ ಸಿಕ್ಕಿಕೊಂಡರೆ ಉಸಿರುಗಟ್ಟುವ ಅಪಾಯವಿದೆ. ಸಿಟ್ಟು ಬಂದಾಗ ಶಿಕ್ಷೆ ಅಂತ ಒಳಗೆ ತಳ್ಳಿದರೆ ಇಡೀ ವಾರದ ಕೆಲಸ ನೀರುಪಾಲು.

ರಜೆ ಹಾಕುವುದಿದ್ದರೆ ಇಬ್ಬರೂ ಒಟ್ಟಿಗೆ ಹಾಕಬೇಡಿ. ಮೊದಲ ವಾರ ಒಬ್ಬರು, ಎರಡನೇ ವಾರ ಇನ್ನೊಬ್ಬರು. ನಾವು ಹಾಗೇ ಮಾಡಿದೆವು.

ಗಂಟೆ ಲೆಕ್ಕ

ಮರಿಗೆ ಎಷ್ಟು ತಿಂಗಳೋ ಅದಕ್ಕೆ ಒಂದು ಸೇರಿಸಿ. ಹಗಲಲ್ಲಿ ಅಷ್ಟು ಗಂಟೆ ತಡೆದುಕೊಂಡರೆ ಹೆಚ್ಚು. ಎರಡು ತಿಂಗಳಿಗೆ ಮೂರು ಗಂಟೆ, ಮೂರು ತಿಂಗಳಿಗೆ ನಾಲ್ಕು. ಇದು ಗರಿಷ್ಠ ಮಿತಿ. ಚಿಕ್ಕ ತಳಿಗಳಿಗೆ ಇನ್ನೂ ಕಡಿಮೆ. ಅಂದಮೇಲೆ ಒಂಬತ್ತು ಗಂಟೆಯ ಆಫೀಸು, ಮೇಲೆ ಟ್ರಾಫಿಕ್ಕು, ಈ ಲೆಕ್ಕಕ್ಕೆ ಹೊಂದುವುದೇ ಇಲ್ಲ ಅಲ್ವಾ? ನಡುವೆ ಯಾರಾದರೂ ಬರಲೇಬೇಕು. ನೆರೆಮನೆಯ ನಿವೃತ್ತರೋ, ಕಾಲೇಜು ಹುಡುಗನೋ, ಮನೆಕೆಲಸದವರೋ.

ನಮ್ಮಲ್ಲಿ ಮನೆಕೆಲಸಕ್ಕೆ ಬರುವ ಅಕ್ಕನೇ ಒಪ್ಪಿಕೊಂಡರು. ಇದಕ್ಕೆ ಬೇರೆ ದುಡ್ಡು ಕೊಡಬೇಕು. ಪಾತ್ರೆ ತೊಳೆಯುವ ಸಂಬಳದಲ್ಲೇ ಸೇರಿಸಿಬಿಡುವುದು ನ್ಯಾಯವಲ್ಲ. ಬೆಳಿಗ್ಗೆ ಆರಕ್ಕೆ ಎತ್ತಿಕೊಂಡು ಹೊರಗೆ, ಆಮೇಲೆ ಊಟ, ಹದಿನೈದು ನಿಮಿಷಕ್ಕೆ ಮತ್ತೆ ಹೊರಗೆ, ಸ್ವಲ್ಪ ಆಟ. ಒಂಬತ್ತಕ್ಕೆ ಕೊನೆಯ ಸಲ ಹೊರಗೆ ಹೋಗಿ ಬಂದು ಕ್ರೇಟ್. ಹನ್ನೊಂದೂವರೆಗೆ ಅಕ್ಕ ಬಂದು ಹೊರಗೆ ಬಿಟ್ಟು, ಊಟ ಕೊಟ್ಟು, ಮತ್ತೆ ಹೊರಗೆ ಬಿಟ್ಟು ಹೋಗುತ್ತಿದ್ದರು. ಎರಡೂವರೆಗೆ ಎದುರು ಮನೆಯ ಅಂಕಲ್. ಐದೂವರೆಗೆ ನಾವಿಬ್ಬರಲ್ಲಿ ಒಬ್ಬರು. ಎದ್ದ ಕೂಡಲೇ, ಉಂಡ ಮೇಲೆ, ಆಡಿದ ಮೇಲೆ: ಈ ಮೂರು ಹೊತ್ತು ತಪ್ಪಿಸಬೇಡಿ.

ಹೊರಗೆ ದಿನವೂ ಒಂದೇ ಜಾಗ, ಒಂದೇ ಮಾತು. ಇಲ್ಲಿ ನಾವು ಎಡವಿದೆವು. ನಾವು "ಸೂಸು" ಎನ್ನುತ್ತಿದ್ದೆವು. ಅಕ್ಕ ಸ್ಕೂಲ್ ಮಗುವಿಗೆ ಹೇಳುವ ಹಾಗೆ "ಒಂದಕ್ಕೆ ಮಾಡಪ್ಪಾ" ಎನ್ನುತ್ತಿದ್ದರು. ನಾಲ್ಕು ದಿನ ಮಂಡಕ್ಕಿ ಮುಖ ಮುಖ ನೋಡುತ್ತಾ ನಿಂತ. ಕೊನೆಗೆ ನಾವೇ ಅಕ್ಕನ ಮಾತಿಗೆ ಬದಲಾದೆವು. ಈಗಲೂ "ಒಂದಕ್ಕೆ" ಅಂದರೆ ಸಾಕು, ಮಣ್ಣು ಮೂಸಲು ಶುರು. ಕೆಲಸ ಮುಗಿದ ಎರಡು ಮೂರು ಸೆಕೆಂಡಿನೊಳಗೆ ಅಲ್ಲೇ ತಿಂಡಿ ಕೊಡಿ. ಮನೆಗೆ ಬಂದು ಕೊಟ್ಟರೆ, ಮನೆಗೆ ಬಂದಿದ್ದಕ್ಕೆ ಸಿಕ್ಕಿತು ಅಂತ ಅದು ತಿಳಿದುಕೊಳ್ಳುತ್ತದೆ.

ಲಸಿಕೆಗಳು ಮುಗಿಯುವ ತನಕ, ಅಂದರೆ ಸುಮಾರು 16 ವಾರದವರೆಗೆ, ಬೇರೆ ನಾಯಿಗಳು ಓಡಾಡುವ ಬೀದಿಗೆ ಇಳಿಸಬೇಡಿ. ಪಾರ್ವೊ ಎಂಬ ಮಾರಕ ವೈರಸ್ ಸೋಂಕಿನ ಭಯವಿದೆ. ಟೆರೇಸ್, ಸ್ವಂತ ಅಂಗಳ, ಅಥವಾ ಬಾಲ್ಕನಿಯಲ್ಲಿ ಹುಲ್ಲಿನ ಟ್ರೇ ನಡೆಯುತ್ತದೆ.

ಯಾರೂ ಸಿಗದಿದ್ದರೆ

ಆಗ ಕ್ರೇಟ್ ಬಾಗಿಲು ಹಾಕಬೇಡಿ. ಸುತ್ತ ಆಟದ ಬೇಲಿ ನಿಲ್ಲಿಸಿ. ಒಂದು ಕಡೆ ಬಾಗಿಲು ತೆರೆದ ಕ್ರೇಟ್ ಮತ್ತು ನೀರು, ಇನ್ನೊಂದು ತುದಿಯಲ್ಲಿ ಉಚ್ಚೆ ಹೀರುವ ಪ್ಯಾಡ್ ಅಥವಾ ಹಳೇ ಪೇಪರ್. ಈ ಪುರವಣಿಯನ್ನೇ ಹಾಸಿದರೂ ನಮಗೆ ಬೇಸರವಿಲ್ಲ. ಪೇಪರ್ ಮೇಲೆ ರೂಢಿಯಾದ ಮರಿ ಹೊರಗಿನ ಮಣ್ಣಿಗೆ ಹೊಂದಿಕೊಳ್ಳಲು ಒಂದಷ್ಟು ವಾರ ಜಾಸ್ತಿ ತೆಗೆದುಕೊಳ್ಳುತ್ತದೆ, ನಿಜ. ಆದರೆ ಕೂಡಿಹಾಕಿದ ಮರಿ ತನ್ನ ಗಲೀಜಿನ ಮೇಲೇ ಮಲಗುವುದಕ್ಕಿಂತ ಇದು ಎಷ್ಟೋ ವಾಸಿ.

ರಾತ್ರಿ

ಕ್ರೇಟ್ ನಿಮ್ಮ ಮಂಚದ ಪಕ್ಕ ಇರಲಿ. ಈಗ ತಾನೇ ಹೊರಗೆ ಹೋಗಿ ಬಂದು ಕುಂಯ್ಗುಟ್ಟಿದರೆ ಕೈ ಇಳಿಬಿಟ್ಟು ಮೂಸಲು ಬಿಡಿ, ಸಾಕು. ಮೂರು ಗಂಟೆ ನಿದ್ದೆ ಮಾಡಿ ಎದ್ದು ಅತ್ತರೆ ಅದು ನಿಜವಾದ ಅವಸರ. ದೀಪ ಹಾಕದೆ, ಮಾತಾಡಿಸದೆ, ಎತ್ತಿಕೊಂಡು ಹೋಗಿ ವಾಪಸ್ ಮಲಗಿಸಿ. ಆಟ ಶುರುಮಾಡಿದರೆ ನಾಳೆಯೂ ಎರಡು ಗಂಟೆಗೆ ಕರೆ ಬರುತ್ತದೆ.

ತಪ್ಪಾದಾಗ

ಆಗುತ್ತದೆ. ಮೂತಿ ಹಿಡಿದು ಗಲೀಜಿಗೆ ಉಜ್ಜುವ ಹಳೇ ಪದ್ಧತಿ ಬಿಡಿ. ಅದರಿಂದ ಮರಿ ಕಲಿಯುವುದು ಸೋಫಾ ಹಿಂದೆ ಅಡಗಿ ಮಾಡುವುದನ್ನು ಮಾತ್ರ. ಮಾಡುತ್ತಿರುವಾಗಲೇ ಕಂಡರೆ ಚಪ್ಪಾಳೆ ತಟ್ಟಿ, ಎತ್ತಿಕೊಂಡು ಹೊರಗೆ ಓಡಿ. ಮೊದಲೇ ಆಗಿಹೋಗಿದ್ದರೆ ಬಟ್ಟೆ ಹಿಡಿದು ಒರೆಸಿ. ಫಿನಾಯಿಲ್ ವಾಸನೆ ನಮ್ಮ ಮೂಗಿಗೆ ಮೋಸ ಮಾಡೀತು, ನಾಯಿಯ ಮೂಗಿಗಲ್ಲ. ಅದನ್ನು ಮರಿ ನೆಕ್ಕಿದರೆ ಅಪಾಯ ಕೂಡ. ಸಾಕುಪ್ರಾಣಿ ಅಂಗಡಿಯಲ್ಲಿ ಉಚ್ಚೆಯ ವಾಸನೆಯನ್ನೇ ತೆಗೆಯುವ ಎನ್‌ಜೈಮ್ ಕ್ಲೀನರ್ ಸಿಗುತ್ತದೆ, ಅದನ್ನೇ ಬಳಸಿ. ಚೆನ್ನಾಗಿ ಕಲಿತಿದ್ದ ಮರಿ ದಿಢೀರ್ ಅಂತ ಗಂಟೆಗೆರಡು ಸಲ ಉಚ್ಚೆ ಮಾಡತೊಡಗಿದರೆ ಮೂತ್ರದ ಸೋಂಕಿರಬಹುದು. ಪಶುವೈದ್ಯರಿಗೆ ತೋರಿಸಿ.

ಒಂದು ತಿಂಗಳು ಮನೆಯೊಳಗೆ ಒಂದು ತಪ್ಪೂ ಆಗಲಿಲ್ಲವೆಂದರೆ ಬಾಗಿಲು ತೆರೆದಿಟ್ಟು ನೋಡಿ. ಮೊದಲು ಒಂದೇ ಕೋಣೆ, ಅರ್ಧ ಗಂಟೆ. ಮಂಡಕ್ಕಿಗೆ ಏಳನೇ ತಿಂಗಳಲ್ಲಿ ಇಡೀ ಹಾಲ್ ಸಿಕ್ಕಿತು. ಕಾಲೊರಸನ್ನು ಮಾತ್ರ ಇನ್ನೂ ಎರಡು ತಿಂಗಳು ಕಪಾಟಿನ ಮೇಲೇ ಇಟ್ಟಿದ್ದೆವು.