ಕೆರೆಗಿಂತ ಮೊದಲು ಕೆರೆಯ ಹಳ್ಳ

ಕುಷ್ಟಗಿ ತಾಲ್ಲೂಕಿನ ನಮ್ಮೂರ ಕೆರೆಯ ಕೆಲಸಕ್ಕೆ ಕೈಹಾಕಿದಾಗ, ಹೂಳೆತ್ತಿದರೆ ಸಾಕು, ನೀರು ತಾನಾಗಿ ನಿಲ್ಲುತ್ತದೆ ಎಂದು ನಾವೆಲ್ಲರೂ ನಂಬಿದ್ದೆವು. 2019ರಲ್ಲಿ ಕೊಪ್ಪಳದ ಗವಿಮಠದ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಜನರೇ ಸೇರಿ ಹಿರೇಹಳ್ಳವನ್ನು ಸ್ವಚ್ಛಗೊಳಿಸಿದ್ದನ್ನು ಕಂಡ ಹುರುಪು ನಮ್ಮಲ್ಲಿತ್ತು. ಮನೆಗಿಷ್ಟು ಎಂದು ಪಟ್ಟಿ ಎತ್ತಿ, ಜೆಸಿಬಿ ತರಿಸಿ, ಬೇಸಿಗೆ ಪೂರ್ತಿ ತೋಡಿಸಿದೆವು. ಮುಂಗಾರು ಚೆನ್ನಾಗಿಯೇ ಆಯಿತು. ಆದರೂ ಕೆರೆಯಲ್ಲಿ ಮೊಣಕಾಲುದ್ದ ನೀರೂ ನಿಲ್ಲಲಿಲ್ಲ. ಮಳೆಯ ಮರುದಿನ ಗುಡ್ಡದತ್ತ ನಡೆದು ನೋಡಿದಾಗಲೇ ಕಾರಣ ತಿಳಿದದ್ದು. ಗುಡ್ಡದ ಬುಡದಲ್ಲಿ ಗರಸು, ಅಂದರೆ ಕಲ್ಲುಮಿಶ್ರಿತ ಮಣ್ಣು, ತೋಡಿ ಸಾಗಿಸಿದ ಗುಂಡಿಗಳು ನೀರನ್ನು ಅಲ್ಲಲ್ಲೇ ಹಿಡಿದಿಟ್ಟಿದ್ದವು; ಕೆಳಗೆ ಕೆಲವರು ಹಳ್ಳವನ್ನು ಹೊಲದೊಳಗೆ ಸೇರಿಸಿ ಉತ್ತಿದ್ದರು, ಇನ್ನೂ ಕೆಳಗೆ ಅದನ್ನು ಮುಚ್ಚಿ ನಿವೇಶನಗಳ ಕಲ್ಲು ನೆಟ್ಟಿದ್ದರು.

ಮರುವರ್ಷ ಯಂತ್ರವನ್ನು ಬಿಟ್ಟು ಕಾಗದ ಹಿಡಿದೆವು. ನಮ್ಮ ಭಾಗವು ಹೈದರಾಬಾದ್ ಸಂಸ್ಥಾನದಲ್ಲಿ ಇದ್ದುದರಿಂದ ಹಳೆಯ ಕಂದಾಯ ದಾಖಲೆಗಳು ಉರ್ದುವಿನಲ್ಲಿವೆ. ಮಾಹಿತಿ ಹಕ್ಕಿನ ಅರ್ಜಿ ಹಾಕಿ ಗ್ರಾಮ ನಕ್ಷೆ ಮತ್ತು ಖಾಸ್ರಾ ಪಹಣಿಯ (ಹೊಲವಾರು ಹಳೆಯ ಜಮೀನು ದಾಖಲೆಯ) ದೃಢೀಕೃತ ಪ್ರತಿಗಳನ್ನು ಪಡೆದು, ಉರ್ದು ಬಲ್ಲ ಹಿರಿಯರೊಬ್ಬರ ಮನೆಯಲ್ಲಿ ಮೂರು ದಿನ ಕುಳಿತು ಓದಿಸಿದೆವು. ಈಗಿನ ಪಹಣಿಯಲ್ಲಿ ಎಲ್ಲಿಯೂ ಕಾಣದ ಹಳ್ಳ, ಹಳೆಯ ನಕ್ಷೆಯಲ್ಲಿ ಗುಡ್ಡದಿಂದ ಕೆರೆಯವರೆಗೆ ಎರಡು ಸಮಾನಾಂತರ ಗೆರೆಗಳಾಗಿ ಹರಿದಿತ್ತು. ಆ ನಕ್ಷೆಯೊಂದಿಗೆ ಗ್ರಾಮಸಭೆಯ ನಿರ್ಣಯವನ್ನೂ, ಊರಿನ ಸಾಮುದಾಯಿಕ ಜಾಗಗಳ ಒತ್ತುವರಿ ತೆರವುಗೊಳಿಸಬೇಕೆಂದು ಸುಪ್ರೀಂ ಕೋರ್ಟ್ 2011ರ ಜನವರಿಯಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ನೀಡಿದ ತೀರ್ಪಿನ ಪ್ರತಿಯನ್ನೂ ಸೇರಿಸಿ ಅಳತೆಗೆ ಅರ್ಜಿ ಕೊಟ್ಟೆವು. ಮೊದಲ ಎರಡು ಅರ್ಜಿಗಳಿಗೆ ಉತ್ತರವೇ ಬರಲಿಲ್ಲ. ಪ್ರತಿ ಅರ್ಜಿಗೂ ಸ್ವೀಕೃತಿ ಪಡೆದಿಟ್ಟುಕೊಂಡಿದ್ದರಿಂದ ಮೂರನೆಯದನ್ನು ತಳ್ಳಿಹಾಕಲು ಆಗಲಿಲ್ಲ.

ಹಳ್ಳ ಉತ್ತವರಲ್ಲಿ ನನ್ನ ದೊಡ್ಡಪ್ಪನ ಮಕ್ಕಳೂ ಇದ್ದರು. ಅಳತೆ ನಡೆಯುವ ಮೊದಲೇ ಅವರ ಮನೆಗೆ ಹೋಗಿ, ಮೊದಲು ನಮ್ಮವರೇ ಬಿಡಬೇಕು, ಇಲ್ಲವಾದರೆ ನಿವೇಶನ ಮಾಡಿದವರನ್ನು ಕೇಳಲು ನಮಗೆ ಬಾಯಿ ಇರುವುದಿಲ್ಲ ಎಂದು ಹೇಳಿದೆ. ದೊಡ್ಡಣ್ಣ ಒಂದು ವಾರ ಮಾತು ಬಿಟ್ಟರು. ಅಳತೆಯ ದಿನ ತಾವೇ ಬಂದು ಕಲ್ಲು ನೆಡಿಸಿದರು. ನಿವೇಶನದ ಕಲ್ಲುಗಳು ಆ ತಿಂಗಳಲ್ಲೇ ಎದ್ದವು.

ಕೆರೆಯಂಗಳದ ವಿಷಯದಲ್ಲಿ ನಾವು ಮಾಡಿದ ಇನ್ನೊಂದು ತಪ್ಪನ್ನು ಹೇಳಲೇಬೇಕು. ಮೊದಲ ಬೇಸಿಗೆಯಲ್ಲಿ ದಂಡೆಯವರೆಗೂ ಕಡಿದಾಗಿ ತೋಡಿಸಿ, ನಾಡಿನ ಕರಿಜಾಲಿ, ಹೊರದೇಶದಿಂದ ಬಂದ ಬಳ್ಳಾರಿ ಜಾಲಿ ಎರಡನ್ನೂ ಒಂದೇ ಎಂಬಂತೆ ಕಡಿಸಿದ್ದೆವು. 2024ರ ಆರಂಭದಲ್ಲಿ ರಾಮ್ಸಾರ್ ತಾಣವೆಂದು (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂದು) ಘೋಷಿತವಾದ, ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆಗೆ ಹೋಗಿ, ನೀರಿನ ನಡುವೆ ನಿಂತ ಕರಿಜಾಲಿ ಮರಗಳ ಮೇಲೆ ಹಕ್ಕಿಗಳು ಗೂಡು ಕಟ್ಟುವುದನ್ನು ನೋಡಿದಾಗ ನಾವು ಏನನ್ನು ಕಳೆದುಕೊಂಡೆವೆಂದು ಅರ್ಥವಾಯಿತು. ಬುಡಕ್ಕೆ ಕಡಿದರೆ ಮತ್ತೆ ಚಿಗುರುವ ಬಳ್ಳಾರಿ ಜಾಲಿಯನ್ನು ಈಗ ಬೇರುಸಹಿತ ಕೀಳಿಸುತ್ತೇವೆ. ಕರಿಜಾಲಿಯ ಸಸಿಗಳನ್ನು ಬೆಳೆಸುತ್ತೇವೆ. ಪೂರ್ವದ ದಂಡೆಯನ್ನು ಇಳಿಜಾರು ಮಾಡಿ ಜೌಗಾಗಿಯೇ ಬಿಟ್ಟಿದ್ದೇವೆ, ಏಕೆಂದರೆ ನೀರ ಹಕ್ಕಿಗಳಲ್ಲಿ ಬಹಳಷ್ಟು ಮೇಯುವುದು ಆಳವಿಲ್ಲದ ಅಂಚಿನಲ್ಲಿ. ಹೂಳನ್ನು ಮಸಾರಿ (ಕೆಂಪು ಮಣ್ಣಿನ) ಹೊಲದವರು ಮಾತ್ರ ಒಯ್ದರು. ಎರೆಭೂಮಿಯವರಿಗೆ (ಕಪ್ಪು ಮಣ್ಣಿನ ಹೊಲದವರಿಗೆ) ಅದು ಬೇಕಿರಲಿಲ್ಲ.

ಹಳ್ಳ ಬಿಡಿಸಿದ ವರ್ಷ ನೀರು ತೂಬಿನ ಮೇಲಕ್ಕೆ ಏರಿತು. ಅದರ ಮರುವರ್ಷದ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳ ಸಣ್ಣ ಗುಂಪೊಂದು ಪೂರ್ವದ ದಂಡೆಯಲ್ಲಿ ಇಳಿದಿತ್ತು. ಗರಸಿನ ಗುಂಡಿಗಳು ಮಾತ್ರ ಇನ್ನೂ ಹಾಗೆಯೇ ಇವೆ; ಅಲ್ಲಿ ಮತ್ತೆ ತೋಡಲು ಅನುಮತಿ ಕೊಡಬಾರದೆಂಬ ಗ್ರಾಮಸಭೆಯ ನಿರ್ಣಯವನ್ನು ಇಲಾಖೆಗೆ ಸಲ್ಲಿಸಿ, ಅದರ ಸ್ವೀಕೃತಿಯನ್ನೂ ಕಡತದಲ್ಲಿ ಇಟ್ಟಿದ್ದೇವೆ.